ಕನ್ಯಾ ನೋಡಾಕ ಕೋಟೆ ಹತ್ತಿದ್ದು

ನಮ್ಮ ಮನಿ ಮಂದಿ ಎಲ್ಲಿಗರ ಹೋಗಿ, ಹೋದ ಕೆಲಸ ಅಷ್ಟೇ ಮುಗಿಸಿ, ಸುಮ್ಮನ ತಿರುಗಿ ಬಂದದ್ದು ನಾ ಹುಟ್ಟಿದಾಗಿಂದ ನೋಡಿಲ್ಲ. ದವಾಖಾನಿಗೆ ಹೋದ್ರೂ ಒಂದು ಫಜೀತಿ, ಮಣ್ಣಿಗೆ ಹೋದ್ರೂ ಒಂದು ಫಜೀತಿ. ನಾ ರಾಯಚೂರಿನ್ಯಾಗ ಸರ್ಕಾರಿ ಸಾಲಿ ಟೀಚರ್. ಶಿಸ್ತು ಅಂದ್ರ ನನಗ ಪ್ರಾಣ. ನಮ್ಮ ಮಂದಿಗೆ ಶಿಸ್ತು ಅಂದ್ರ ಅದು ಯಾವುದೋ ಪಕ್ಕದೂರಿನ ಹೆಸರು ಇದ್ದಂಗ.

ನಾ ಪಾಠ ಮಾಡೋ ಇಂಗ್ಲಿಷ್ ಪುಸ್ತಕದಾಗ ಒಂದು ಪಾಠ ಅದ. ಇಂಗ್ಲೆಂಡಿನ ಒಂದು ಕುಟುಂಬ ರಜಾ ದಿನ ಹಳೇ ಕೋಟೆ ನೋಡಾಕ ಹೋಗ್ತದ. ಗುಲಾಬಿ ತ್ವಾಟದಾಗ ಅಡ್ಡಾಡ್ತದ, ಹುಲ್ಲಿನ ಮ್ಯಾಲೆ ಕುಂತು ಬ್ರೆಡ್ ತಿಂತದ, 'ಎಂಥಾ ಚಂದ ದಿನ' ಅಂತ ಮನಿಗೆ ಬರ್ತದ. ಒಬ್ಬರೂ ಜಗಳಾಡಂಗಿಲ್ಲ, ಒಬ್ಬರೂ ತಪ್ಪಿಸಿಕೊಳ್ಳಂಗಿಲ್ಲ. ಈ ಪಾಠ ಓದಿಸಿ ಓದಿಸಿ ನನಗೂ ಆಸೆ ಹತ್ತಿತ್ತು. ನಮಗೇನು ಕಡಿಮಿ, ಊರ ನಡುವ ಕೋಟೆ ಅದ, ಕೆರಿ ದಂಡಿಗೆ ಪಾರ್ಕು ಅದ. ಒಮ್ಮೆ ನಮ್ಮ ಮಂದೀನೂ ಕರಕೊಂಡು ಹೋಗಬೇಕು ಅಂದ್ಕೊಂಡಿದ್ದೆ. ಹೋದ್ವಿ. ಆದ್ರ ಹೋದದ್ದು ಕೋಟೆ ನೋಡಾಕಲ್ಲ, ನನ್ನ ತಮ್ಮಗ ಕನ್ಯಾ ನೋಡಾಕ.

ತಲಿ ಅಲ್ಲಾಡಿಸಿದ್ದು

ಕೋಟೆಗೆ ಯಾಕ ಹೋಗಬೇಕಾಯ್ತು ಅನ್ನೋದು ಮೊದಲು ಹೇಳ್ತೀನಿ.

ನನ್ನ ತಮ್ಮ ದೇವದುರ್ಗದಾಗ ಒಂದು ಲ್ಯಾಬಿನ್ಯಾಗ ಕೆಲಸ ಮಾಡ್ತಾನ. ಬಂದವರ ರಕ್ತ ತೆಗದು ಪರೀಕ್ಷಾ ಮಾಡೋ ಕೆಲಸ. ಹುಡುಗ ಅಪ್ಪಟ ಬಂಗಾರ, ಆದ್ರ ಹೊಸಬರ ಮುಂದ ಬಾಯಿ ಬಿಡಂಗಿಲ್ಲ. ಅವ್ವ ಹೋದಾಗ ಅವ ಸಣ್ಣಾವ, ನಾನೇ ತಲಿ ಬಾಚಿ ಸಾಲಿಗೆ ಕಳಿಸಿದಾಕಿ. ಅವಾಗೂ ಹಿಂಗೇ ಇದ್ದ.

ಮೊದಲನೇ ಸಲ ಕನ್ಯಾ ನೋಡಾಕ ಹೋದಾಗ ಹುಡುಗಿ ಅಪ್ಪ ಪ್ರೀತಿಲೇ ಕೇಳಿದ, "ಏನ್ ಕೆಲಸ ಮಾಡ್ತೀಯಪ್ಪಾ?"

ನನ್ನ ತಮ್ಮ ಬೆವರು ಒರಸಿಕೊಂಡು, "ರಕ್ತ ತೆಗೀತೀನ್ರಿ" ಅಂದ. ಮುಂದ ಒಂದು ಮಾತಿಲ್ಲ. ಎಲ್ಲಿ, ಯಾಕ, ಯಾರದು, ಏನೂ ಇಲ್ಲ. ಹುಡುಗಿ ಅಜ್ಜಿ ಎದ್ದು ಒಳಗ ಹೋದಾಕಿ ನಾವು ಎದ್ದು ಬರೋತನಕ ಹೊರಗ ಬರಲಿಲ್ಲ.

ಎರಡನೇ ಸಲಕ್ಕ ನಮ್ಮ ಸೋದರತ್ತಿ, ಅಂದ್ರ ಅಪ್ಪನ ಅಕ್ಕ, ಗಬ್ಬೂರಿಂದ ಬಂದು ಉಪಾಯ ಹೇಳಿಕೊಟ್ಲು. "ಬಾಯಿ ಬರದಿದ್ರ ಬಿಡೋ ಯಪ್ಪಾ. ಅವರು ಏನ್ ಕೇಳಿದ್ರೂ ಹೌದು ಅಂತ ತಲಿ ಅಲ್ಲಾಡ್ಸು, ಸಾಕು."

ಅಲ್ಲಿ ಕೇಳಿದ್ರು, "ಸ್ವಂತ ಮನಿ ಅದೇನ್ರಿ?" ತಲಿ ಅಲ್ಲಾಡಿಸಿದ. "ಹೊಲ?" ಅಲ್ಲಾಡಿಸಿದ. "ಕುಡಿಯೋ ಚಟ ಗಿಟ?" ಅಲ್ಲಾಡಿಸಿದ. "ಇಸ್ಪೀಟು?" ಅಷ್ಟೊತ್ತಿಗೆ ತಲಿಗೆ ಸ್ಪೀಡ್ ಬಂದಿತ್ತು, ನಾ ಅಂಗಿ ಹಿಡದು ಜಗ್ಗಿದ್ರೂ ನಿಲ್ಲಲಿಲ್ಲ. ಬಾಯಿಗೆ ಅಡಿಕಿ ಹೋಳು ಸುದ್ದಾ ಮುಟ್ಟಿಸದ ಹುಡುಗ ಅವ! ಒಲಿ ಮ್ಯಾಲಿದ್ದ ಚಾ ಅಲ್ಲೇ ಉಳೀತು, ನೀರು ಕುಡಿಸಿ ಕಳಿಸಿದ್ರು.

ಬಸ್ಸಿನ್ಯಾಗ ನನ್ನ ಮಗ್ಗಲ ಕುಂತು ಅವನೇ ಕೇಳಿದ, "ಅಕ್ಕಾ, ಈ ಸಲ ಚೊಲೋ ಆತಲ್ಲ?"

ಬೇವಿನ ಗಿಡದ ಕೆಳಗ

ಆಮ್ಯಾಲೆ ಮೂರನೇದು ಬಂತು. ಮಾನವಿ ಕಡೆ ಕುರ್ಡಿ ಅನ್ನೋ ಊರಿನ ಹುಡುಗಿ. ಸರ್ಕಾರಿ ಬಸ್ಸಿನ ಕಂಡಕ್ಟರ್. ಆಕಿಗೂ ಸಾಕಾಗಿತ್ತು. ನೋಡಾಕ ಬಂದವರೆಲ್ಲ 'ಕೆಲಸ ಬಿಡ್ತೀಯೇನವ್ವಾ' ಅಂತ ಕೇಳಿದ್ರಂತ, ಆಕಿ ಅವರನ್ನ ಬಾಗಲತನಕ ಕಳಿಸಿ ಬಂದಿದ್ಲಂತ. ಈ ಸಲ ಆಕೀದೇ ಕರಾರು: "ನಾ ಉಪ್ಪಿಟ್ಟಿನ ತಟ್ಟಿ ಹಿಡಕೊಂಡು ತಲಿ ಬಗ್ಗಿಸಿ ಕುಂದ್ರಂಗಿಲ್ಲ. ಐತವಾರ ರಜಾ ಅದ, ರಾಯಚೂರು ಕೋಟೆಗೆ ಬರ್ತೀನಿ. ಅಡ್ಡಾಡಿಕೊಂತ ಮಾತಾಡೂಣು."

ಅಡ್ಡಾಡೋದು ಖರೆ. ಮಾತಾಡೋದು? ತಮ್ಮ ಮೊದಲೇ ಹೇಳಿಬಿಟ್ಟಿದ್ದ, "ಅಕ್ಕಾ, ಇದು ಕಡೀ ಸಲ. ಈಕೀನೂ ಬ್ಯಾಡಂದ್ರ ಮುಂದ ನನ್ನ ಕರೀಬ್ಯಾಡ. ನಾಚಿಕಿ ಆಗ್ತದ." ಅವನ ಮುಖ ನೋಡಿ ನನಗ ಕಣ್ಣಾಗ ನೀರು ಬಂದಿದ್ವು.

ಕೋಟೆ ದರವಾಜಿ ಮುಂದ ಬೇವಿನ ಗಿಡದ ಕೆಳಗ ಎಲ್ಲಾರೂ ಕೂಡೋದು ಅಂತ ಮಾತಾಗಿತ್ತು. ನಮ್ಮ ಸೋದರತ್ತಿಗೆ ಎಲ್ಲಾದಕ್ಕೂ ಅವಸರ. ಗಬ್ಬೂರಿನ ಮೊದಲನೇ ಬಸ್ಸಿಗೇ ಬಂದು ಕುಂತಿದ್ಲು, ಮಡಿಲಾಗ ಖಡಕ್ ರೊಟ್ಟಿ ಗಂಟು ಇಟಗೊಂಡು. ನಾನು, ತಮ್ಮ, ಮಸರಕಲ್ಲಿಂದ ಬಂದ ಅಪ್ಪ, ಮೂವರೂ ಮುಟ್ಟೋದ್ರಾಗ ಅತ್ತಿ ಅರ್ಧ ಮದಿವಿ ಮುಗಿಸಿದ್ಲು. ಗಿಡದ ಕೆಳಗ ಒಂದು ಹುಡುಗಿ, ಆಕಿ ಜೋಡಿ ಒಬ್ಬಾಕಿ ಹಿರೇ ಹೆಣಮಗಳು. ರೊಟ್ಟಿ ಗಂಟು ಬಿಚ್ಚಿತ್ತು.

"ಏ ಬಾ ಬೇ" ಅಂತ ನನ್ನ ಕರದ್ಲು ಅತ್ತಿ. "ಎಲ್ಲಾ ನೋಡಿ ಮುಗಿಸೀನಿ. ನಡಿಸಿ ನೋಡಿದೆ, ಕಾಲು ಚೊಲೋ ಅದಾವು. ಜಡಿ ಬಿಚ್ಚಿಸಿ ನೋಡಿದೆ, ಕೂದಲಾ ಖರೇವು. ನನಗ ಒಪ್ಪಿಗಿ."

ಆ ಹುಡುಗಿ ಮುಖದಾಗ ಗಾಬರಿ. "ಅಜ್ಜಿಗೆ ಕಣ್ಣು ಮಂಜಾಗ್ಯಾವೇನೋ ಅಂತ ನಾ ನಡದು ತೋರಿಸಿದೆರೀ" ಅಂತು ಪಾಪ. ನಾ ಏನರ ಹೇಳೋದ್ರಾಗ ಒಬ್ಬ ಹುಡುಗ ಸೌತಿಕಾಯಿ ಹೋಳು ಹಿಡಕೊಂಡು ಬಂದು ಆಕಿ ಮಗ್ಗಲ ಕುಂತ.

ಅತ್ತಿ ಹುಬ್ಬು ಗಂಟು ಹಾಕಿದ್ಲು. "ನೀ ಯಾರಪ್ಪಾ?"

"ನಾ ಈಕಿ ಗಂಡ್ರೀ."

ಬ್ಯಾರೆಯವರಾಗಿದ್ರ ನೆಲ ಬಾಯ್ಬಿಡಲಿ ಅಂತಿದ್ರು. ನಮ್ಮತ್ತಿ ಅವನ್ನ ಮ್ಯಾಲಿಂದ ಕೆಳಗ ನೋಡಿ, "ಇರ್ಲಿ ಬಿಡು. ನನಗ ನೀನೂ ಒಪ್ಪಿಗಿ. ರೊಟ್ಟಿ ತಿನ್ನು ಬಾ" ಅಂದ್ಲು. ಆ ಮೂವರೂ ಉಂಡು ಕೈ ತೊಳಕೊಂಡು ಎದ್ದಾಗ ನಮ್ಮ ಖರೇ ಬೀಗರಿಗೆ ಅಂತ ಉಳಿದದ್ದು ಶೇಂಗಾ ಚಟ್ನಿ ಒಂದೇ.

ಮುಂದ ಜಾಗ ಅದ

ಕುರ್ಡಿಯವರು ಬಂದ್ರು. ಹುಡುಗಿ, ಆಕಿ ಅವ್ವ, ಆಕಿ ಸೋದರಮಾವ. ಹುಡುಗಿ ಎತ್ತರದಾಕಿ, ನಕ್ಕೊಂತ ಬಂದು, "ನಮಸ್ಕಾರ್ರೀ ಅಕ್ಕಾರ" ಅಂದ್ಲು. ಆ ದನಿಗೆ ಬೇವಿನ ಗಿಡದಾಗಿನ ಕಾಗಿ ಹಾರಿಹೋದ್ವು. ನನ್ನ ತಮ್ಮ ಎರಡು ಹೆಜ್ಜಿ ಹಿಂದ ಸರದ.

ನಾನು ಸಾಲಿ ಟೂರಿಗೆ ಕರಕೊಂಡು ಹೋಗೋ ಚಾಳಿಯಿಂದ, "ಎಲ್ಲಾರೂ ಇಬ್ಬಿಬ್ಬರು ಕೈ ಹಿಡಕೊಂಡು ಲೈನಿಗೆ ಬರ್ರಿ" ಅಂದೆ. ಯಾರೂ ಕೇಳಲಿಲ್ಲ. ಅಪ್ಪ ಒಂದು ಕಡಿ, ಅತ್ತಿ ಒಂದು ಕಡಿ. ಆ ದರವಾಜಿನೂ ಅಂಥಾದ್ದೇ. ಒಳಗ ತಿರುವು, ಅದರಾಗೇ ಆಟೋ, ಬೈಕು, ತಳ್ಳೋ ಗಾಡಿ, ಐತವಾರದ ಮಂದಿ. ನಡುವ ಸಿಕ್ಕು ನಾವು ಹಿಂದಿಲ್ಲ ಮುಂದಿಲ್ಲ.

ಹುಡುಗಿ ಒಂದು ಸಲ ಆಕಡಿ ಈಕಡಿ ನೋಡಿದ್ಲು. ಆಮ್ಯಾಲೆ ಆಕಿಗೆ ತಡಿಯಾಕ ಆಗಲಿಲ್ಲ.

"ಏ ಮುಂದ ನಡೀರಿ, ಮುಂದ ಜಾಗ ಅದ! ಯಜಮಾನ್ರ, ಬಾಗಲದಾಗ ನಿಂದರಬ್ಯಾಡ್ರಿ! ಚೀಲ ಕೆಳಗ ಇಡ್ರೀ ಅಣ್ಣಾರ!"

ನಂಬ್ರಿ ಬಿಡ್ರಿ, ಮಂದಿ ಸರದ್ರು. ಗುರುತಿಲ್ಲದವರೆಲ್ಲ ಮುಂದ ಮುಂದ ಹೋದ್ರು. ಆಟೋದಾವ ಸುದ್ದಾ ಹಿಂದ ತಗೊಂಡ. ನಾ ಇಷ್ಟು ವರ್ಷ ಸೀಟಿ ಊದಿದ್ದು ದಂಡ ಅನಿಸ್ತು. ಆಕಿ ಹಿಂಗ ದಾರಿ ಬಿಡಿಸಾಕತ್ತಿದ್ರ, ಯಾರೋ ಒಬ್ಬಾಕಿ ಮುದುಕಿ, ನಮಗೂ ಅವರಿಗೂ ಸಂಬಂಧ ಇಲ್ಲದಾಕಿ, ಗದ್ದಲದಾಗ ಆ ದನಿ ಕೇಳಿ ನಿಂತು ಕುಬುಸದಾಗಿಂದ ಆಧಾರ್ ಕಾರ್ಡ್ ತಗದು ಹುಡುಗಿ ಮುಂದ ಹಿಡದ್ಲು.

"ಮಾನವಿಗೆ ಯವ್ವಾ. ಒಂದು ಪುಕ್ಕಟ್ಟಿ ಟಿಕೀಟ್ ಕೊಡು."

ಕೋಟೆಯೊಳಗ ಭತ್ತ

ಒಳಗ ಬಂದು ನಾ ಎಲ್ಲಾರನ್ನೂ ನಿಲ್ಲಿಸಿ, ಈ ಕೋಟೆ ಎಷ್ಟು ಹಳೇದು, ಯಾವ್ಯಾವ ರಾಜರು ಇದಕ್ಕ ಬಡದಾಡಿದ್ರು ಅಂತ ಪಾಠ ಸುರು ಮಾಡಿದೆ. ತಿರುಗಿ ನೋಡಿದ್ರ ಅಪ್ಪನೂ ಇಲ್ಲ, ಹುಡುಗಿ ಸೋದರಮಾವನೂ ಇಲ್ಲ.

ಇಬ್ಬರೂ ಖಾಲಿ ಬಯಲಿನ್ಯಾಗ ಕುಕ್ಕರಗಾಲಿಲೇ ಕುಂತು ಮಣ್ಣು ತಿಕ್ಕಿ ನೋಡಾಕತ್ತಿದ್ರು. ಹೊಲ ಮಾಡೋ ಮಂದಿ, ರಾಜರ ಕೋಟೆಗೆ ಕರಕೊಂಡು ಬಂದ್ರೂ ಕಣ್ಣು ಹೋಗೋದು ಮಣ್ಣಿಗೇ.

ಅಪ್ಪ ಅಂದ, "ಚೊಲೋ ನೆಲ ಸುಮ್ಮನ ಬಿಟ್ಟಾರ ನೋಡ್ರಿ. ಹತ್ತಿ ಹಾಕಿದ್ರ ಎದಿಮಟ ಬರ್ತದ."

ಸೋದರಮಾವ ಮಾನವಿ ಕಡೆ ಕಾಲುವಿ ನೀರಿನ ರೈತ. "ಹತ್ತಿ ಯಾಕ್ರೀ? ಮಗ್ಗಲ ಕೆರಿ ಅದ. ಭತ್ತ ಹಾಕಬೇಕು."

"ಕ್ವಾಟಿಯೊಳಗ ಭತ್ತ ಹಾಕಿದ್ರ ಗ್ವಾಡಿ ತೇವ ಹಿಡದು ಬೀಳಂಗಿಲ್ಲೇನು?"

"ಅಷ್ಟು ವರ್ಷ ತೋಪಿನ ಗುಂಡಿನ ಹೊಡತಕ್ಕ ಬೀಳದ್ದು ನನ್ನ ಭತ್ತಕ್ಕ ಬೀಳ್ತದೇನ್ರೀ?"

ಹಿಂಗ ಸುರು ಆದದ್ದು, ಬರಬರತಾ ಇಬ್ಬರೂ ಎದ್ದು ಹೆಜ್ಜಿ ಹಾಕಿ ಅಳಿಯಾಕತ್ರು. ಅರ್ಧ ನಿಮಗ ಅರ್ಧ ನಮಗ ಅಂತ ನಡುವ ಕಲ್ಲಿಟ್ರು. ಕೆರಿ ಕಡಿ ಭಾಗ ಯಾರಿಗೆ ಅನ್ನೋದಕ್ಕ ಮಾತು ಏರ್ತು. ಕಾವಲುಗಾರ ಸೀಟಿ ಊದಿಕೊಂತ ಓಡಿಬಂದ. "ಏ ಯಜಮಾನ್ರ, ಏನ್ ನಡಿಸೀರಿ ಇಲ್ಲಿ?"

ಅಪ್ಪ ಅವನ ಕೈ ಹಿಡದು, "ನೀ ಚೊಲೋ ಬಂದಿ ನೋಡಪ್ಪಾ. ನೀನೇ ನ್ಯಾಯ ಹೇಳು, ನೀರಿನ ಕಡಿ ಹೊಲ ಗಂಡಿನವರಿಗೋ ಹೆಣ್ಣಿನವರಿಗೋ?"

ಇಲ್ಲದ ಹೊಲಕ್ಕ ಜಗಳಾಡಿ ಇಬ್ಬರೂ ಮುಖ ತಿರುವಿ ಒಬ್ಬರಿಗೊಬ್ಬರು ಬೆನ್ನು ಮಾಡಿ ಕುಂತ್ರು. ಹುಡುಗ ಹುಡುಗಿ ಇನ್ನಾ ಮಾತೇ ಆಡಿಲ್ಲ, ಬೀಗರು ಆಸ್ತಿ ಪಾಲು ಮಾಡಿ ಮುಗಿಸಿದ್ರು!

ಶೇಂಗಾ

ಕೆರಿ ದಂಡಿ ಪಾರ್ಕಿನ್ಯಾಗ ಒಂದು ಬೆಂಚಿನ ಮ್ಯಾಲೆ ಶೇಂಗಾ ಪೊಟ್ಟಣ ಕೊಟ್ಟು ಇಬ್ಬರನ್ನೂ ಕುಂದರಿಸಿದ್ವಿ. ಗುಲಾಬಿ ಇರಲಿಲ್ಲ, ಕಣಗಿಲ ಇತ್ತು, ನಡೀತದ. ನಾ, ಹುಡುಗಿ ಅವ್ವ, ಅತ್ತಿ, ಮೂವರೂ ದೂರ ಹೋಗಿ ಕೆರಿ ನೋಡೋ ನಾಟಕ ಮಾಡಿದ್ವಿ. ಅತ್ತಿಗೆ ಎಲ್ಲಿ ತಡೀತದ? ಕಣಗಿಲ ಗಿಡದ ಹಿಂದ ಹೋಗಿ ನಿಂತು, ಅಲ್ಲಿಂದ ಬಂದು ಬಂದು ಸುದ್ದಿ ಕೊಡಾಕತ್ಲು.

"ಹುಡುಗಿ ಏನೋ ಕೇಳಿದ್ಲು."

"ಅವ ಏನಂದ?"

"ಶೇಂಗಾ ಸುಲದ."

ಮತ್ತ ಹೋದ್ಲು, ಮತ್ತ ಬಂದ್ಲು. "ಹುಡುಗಿ ಬಸ್ಸಿನ ಕತಿ ಹೇಳಿದ್ಲು, ನಾನೇ ನಕ್ಕೆ. ಅವನೂ ನಕ್ಕ."

"ಮಾತು?"

"ಶೇಂಗಾ."

ಸಿಪ್ಪಿ ಎಲ್ಲಾ ತನ್ನ ಕಿಸೇದಾಗ, ಕಾಳೆಲ್ಲಾ ಆಕಿ ಮುಂದ. ಒಂದು ಕಾಳು ಅವ ತಿನ್ನಲಿಲ್ಲ. ಹುಡುಗಿ ಎಲ್ಲಾ ತಿಂದು ಎದ್ದು ನನ್ನ ಹತ್ರ ಬಂದ್ಲು. ಮೊದಲನೇ ಸಲ ಆಕಿ ದನಿ ಸಣ್ಣದಾಗಿತ್ತು.

"ಅಕ್ಕಾರ, ನಿಮ್ಮ ತಮ್ಮ ಭಾಳ ಚೊಲೋ ಮನುಷ್ಯಾರು. ಕೆಲಸ ಬಿಡು ಅನ್ನಂಗಿಲ್ಲ, ಅದು ಮುಖದಾಗೇ ಕಾಣ್ತದ. ಆದ್ರ ನಾ ದಿನಾಪೂರ್ತಿ ಬಸ್ಸಿನ್ಯಾಗ ಒದರಿ ಒದರಿ ಮನಿಗೆ ಬರ್ತೀನಿ. ಮನ್ಯಾಗ ಒಬ್ಬರು ನನ್ನ ಜೋಡಿ ಮಾತಾಡಬೇಕು ಅನಿಸ್ತದ್ರೀ. ನನ್ನ ಆಸೆ ಅದೊಂದೇ. ಅವರಿಗೆ ಬ್ಯಾಸರ ಮಾಡಬ್ಯಾಡ್ರಿ, ನೀವೇ ನಿಧಾನಕ್ಕ ಹೇಳ್ರಿ."

ಆಕಿದು ತಪ್ಪಿಲ್ಲ. ಅವಂದೂ ತಪ್ಪಿಲ್ಲ. ಬೆಂಚಿನ ಮ್ಯಾಲೆ ತಮ್ಮ ಖಾಲಿ ಪೊಟ್ಟಣ ಹಿಡಕೊಂಡು ನಮ್ಮ ಕಡೇನೇ ನೋಡಾಕತ್ತಿದ್ದ. ಅವಗ ತಿಳೀತು ಅಂತ ಕಾಣ್ತದ, ತಲಿ ಕೆಳಗ ಹಾಕಿದ.

ಅತ್ತಿ ಮಾತ್ರ ಏನೂ ತಿಳೀದೆ ಹುಡುಗಿ ಅವ್ವನ ಮುಂದ ಹೇಳಾಕತ್ತಿದ್ಲು, "ನೋಡವ್ವಾ, ನನ್ನ ಗಂಡ ಮದಿವ್ಯಾಗಿ ನಲವತ್ತು ವರ್ಷ ಬರೇ ತಾನೇ ಮಾತಾಡಿದ. ಒಂದು ಶೇಂಗಾ ಸುಲದು ಕೊಡಲಿಲ್ಲ ಭಾಡ್ಯಾ."

ಇಳಿಯೋ ಹೊತ್ತು

ಬಂದದ್ದು ಬಂದೀವಿ, ಮ್ಯಾಲೆ ಗುಡ್ಡ ಹತ್ತಿ ಫಿರಂಗಿ ತೋಪು ನೋಡಿ ಹೋಗೂಣು ಅಂದ್ಲು ಹುಡುಗಿ. ಹಿರ್ಯಾರಿಗೆ ಮೊಣಕಾಲು ನೋವು, ಅವರು ಕೆಳಗೇ ಉಳದ್ರು. ಹತ್ತಿದ್ದು ನಾವು ಮೂವರು. ಹುಡುಗಿ ಎಲ್ಲಾರಿಗಿಂತ ಮುಂದ, ಎರಡೆರಡು ಮೆಟ್ಟಿಲು ಒಮ್ಮೆಲೆ. ನಾ ನಡುವ ಏದುಸಿರು ಬಿಟಗೊಂತ. ತಮ್ಮ ಹಿಂದ, ಸತ್ತ ಮನಿಗೆ ಬಂದವರಂಗ.

ಮ್ಯಾಲೆ ಗಾಳಿ ಚೊಲೋ ಇತ್ತು. ತೋಪಿನ ಮ್ಯಾಲೆ ಕೈ ಇಟ್ವಿ, ಇಡೀ ರಾಯಚೂರು ನೋಡಿದ್ವಿ. ಇನ್ನ ಇಳಿಯೂಣು ಅಂತ ಮೆಟ್ಟಿಲ ಬಾಯಿಗೆ ಬಂದ್ವಿ. ಹುಡುಗಿ ಕೆಳಗ ಒಂದು ಸಲ ನೋಡಿದಾಕಿ, ಅಲ್ಲೇ ಕುಂತುಬಿಟ್ಲು. ಹತ್ತೋವಾಗ ಕಣ್ಣು ಮ್ಯಾಲೆ ಇರ್ತಾವು, ಕಡಿದಾದ ಕಲ್ಲು ಕಾಣಂಗಿಲ್ಲ. ಇಳಿಯೋವಾಗ ಕಾಣ್ತದ. ಎರಡೂ ಕೈಲೇ ಬಂಡೆಗಲ್ಲು ಅಪ್ಪಿ ಹಿಡಕೊಂಡ್ಲು. ಮುಖ ಬೆಳ್ಳಗ.

"ಅಕ್ಕಾರ, ನೀವು ಹೋಗ್ರಿ. ನಾ ಇಲ್ಲೇ ಇರ್ತೀನಿ."

"ಇಲ್ಲೇ ಅಂದ್ರ? ಎಷ್ಟೊತ್ತು?"

"ಇಲ್ಲೇ ಇರ್ತೀನ್ರೀ. ನಮ್ಮವ್ವಗ ಹೇಳ್ರಿ, ಉಡಾಕ ಅರಬಿ ಗಿರಬಿ ಕಳಿಸಲಿ."

ನಾ ಸಾಲಿ ದನಿ ತಗದೆ. "ಏಳು! ನೇರ ನಿಂದ್ರು! ಬಲಗಾಲು ಮುಂದ!" ಆಕಿ ಬಂಡೆಗಲ್ಲನ್ನ ಇನ್ನಷ್ಟು ಬಿಗಿಯಾಗಿ ಹಿಡದ್ಲು. ಕಣ್ಣಂಚಿನ್ಯಾಗ ನೀರು. ದಿನಾ ಸಾವಿರ ಮಂದೀನ್ನ ಹತ್ತಿಸಿ ಇಳಿಸೋ ಹುಡುಗಿಗೆ ತಾನೇ ಇಳಿಯಾಕ ಆಗವಲ್ದಾಗಿತ್ತು.

ಅಷ್ಟರಾಗ ನನ್ನ ತಮ್ಮ ನನ್ನ ದಾಟಿ ಮುಂದ ಬಂದ. ಆಕಿಗಿಂತ ಒಂದು ಮೆಟ್ಟಿಲು ಕೆಳಗ, ಆಕಿ ಕಡಿ ಮುಖ ಮಾಡಿ ಕುಂತ. ಅಂಗಿ ತೋಳು ಮಡಚಿಕೊಂಡ. ಬಾಯಿ ತಗದ.

"ಕೆಳಗ ನೋಡಬ್ಯಾಡ್ರಿ. ಆಕಡಿ ನೋಡ್ರಿ, ತೋಪಿನ ಕಡಿ. ಹಾಂ. ಮುಂಜಾನಿ ನಾಷ್ಟಾ ಏನ್ ಮಾಡೀರಿ?"

"ಮಂ... ಮಂಡಕ್ಕಿ ಒಗ್ಗರಣಿ."

"ಮಿರ್ಚಿ ಜೋಡಿ?"

"ಹೂಂ."

"ಎಷ್ಟು ಮಿರ್ಚಿ?"

"ಎರಡು."

"ಸುಳ್ಳು ಹೇಳಬ್ಯಾಡ್ರಿ, ರಿಪೋರ್ಟಿನ್ಯಾಗ ಎಲ್ಲಾ ಬರ್ತದ."

ಹುಡುಗಿ ಕಲ್ಲು ಹಿಡಕೊಂಡೇ ಫಕ್ಕನ ನಕ್ಲು. "ನಾಕು."

"ನಾಕಾ? ಹಂಗಾದ್ರ ಗಟ್ಟಿ ಮನುಷ್ಯಾರು ನೀವು. ಕೈ ಇಲ್ಲಿ ಕೊಡ್ರಿ. ಬಿಗಿ ಹಿಡೀಬ್ಯಾಡ್ರಿ, ಸಡಿಲ ಬಿಡ್ರಿ. ಉದ್ದಕ ಉಸರು ತಗೋರಿ. ಆಯ್ತು, ಒಂದು ಇಳದೇ ಬಿಟ್ರಿ ನೋಡ್ರಿ."

ನನಗ ಬಾಯಿ ಮುಚ್ಚಲಿಲ್ಲ. ಇಷ್ಟು ಮಾತು ನಮ್ಮ ಮನ್ಯಾಗ ಅವ ಒಂದು ವರ್ಷದಾಗ ಆಡಿರಲಿಲ್ಲ. ಆಮ್ಯಾಲೆ ಹೊಳೀತು: ಇದು ಅವನ ಕೆಲಸ. ಸೂಜಿ ಕಂಡು ನಡುಗೋ ಮಂದಿ ದಿನಾ ಅವನ ಮುಂದ ಕುಂದರ್ತಾರ, ಅವರನ್ನ ಮಾತಿನ್ಯಾಗ ಹಿಡದು ಅವ ಕೆಲಸ ಮಾಡ್ತಾನ. ತನ್ನ ನೋಡಾಕ ಬಂದವರ ಮುಂದ ಬಾಯಿ ಬರಂಗಿಲ್ಲ, ಹೆದರಿದವರ ಮುಂದ ತಾನೇ ಬರ್ತದ. ಮನ್ಯಾಗ ಯಾರೂ ಒಮ್ಮೆನೂ ಅವನ ಹತ್ರ ರಕ್ತ ತೆಗಿಸಿಕೊಂಡಿರಲಿಲ್ಲ, ನಮಗ ಹೆಂಗ ಗೊತ್ತಾಗಬೇಕು?

ಅವ ಹಿಮ್ಮೆಟ್ಟಿಕೊಂತ ಇಳಿಯಾಕತ್ತಿದ್ದ, ಆಕಿ ಅವನ ಮುಖ ನೋಡಿಕೊಂತ ಇಳಿಯಾಕತ್ತಿದ್ಲು. ಮಾತು ನಿಲ್ಲಲೇ ಇಲ್ಲ. "ಮೊನ್ನೆ ಒಬ್ಬ ಪೈಲವಾನ್ ಬಂದಿದ್ದರೀ. ಇಷ್ಟು ದಪ್ಪ ಮೀಸಿ. ಸೂಜಿ ತಗದೆ, ಎದ್ದು ಹೋಗಿ ಅವರವ್ವನ ತೊಡಿ ಮ್ಯಾಲೆ ಕುಂತ."

"ಆಮ್ಯಾಲೆ?"

"ಆಮ್ಯಾಲೇನು, ಆ ಮುದುಕಿಗೆ ಕಾಲು ಜೋಮು ಹಿಡೀತು. ಕಾಲು ಇಲ್ಲಿಡ್ರಿ, ಈ ಕಲ್ಲಿನ ಮ್ಯಾಲೆ. ಭೇಷ್. ನಿಮ್ಮ ಬಸ್ಸಿನ್ಯಾಗ ಪೈಲವಾನ್ ಹತ್ತಂಗಿಲ್ಲೇನು?"

ಆಕಿ ತನ್ನ ಬಸ್ಸಿನ ಪೈಲವಾನನ ಕತಿ ಸುರು ಮಾಡಿದ್ಲು. ಅವ ನಡುವ ನಡುವ ಕೇಳಿಕೊಂತ, ನಕ್ಕೊಂತ, ಮತ್ತೊಂದು ಹೇಳಿಕೊಂತ. ನಾ ಹಿಂದ ಬರಾಕತ್ತೀನಿ ಅನ್ನೋದು ಇಬ್ಬರಿಗೂ ನೆನಪಿರಲಿಲ್ಲ. ನಾ ಜಾರಿ ಬಿದ್ದಿದ್ರೂ ತಿರುಗಿ ನೋಡ್ತಿರಲಿಲ್ಲ. ನನಗೂ ಬೇಕಾಗಿದ್ದು ಅದೇ. ಸೆರಗಿನ್ಯಾಗ ಕಣ್ಣು ಒರಸಿಕೊಂತ ಇಳದೆ.

ಕೆಳಗ ಅಪ್ಪ, ಅತ್ತಿ, ಹುಡುಗಿ ಅವ್ವ, ಸೋದರಮಾವ, ಎಲ್ಲಾರೂ ಕುತ್ತಿಗಿ ಎತ್ತಿ ನೋಡಿಕೊಂತ ನಿಂತಿದ್ರು. ನನ್ನ ತಮ್ಮನ ದನಿ ಗುಡ್ಡದ ಮ್ಯಾಲಿಂದ ಬರೋದು ಕೇಳಿ ಅಪ್ಪಗ ನಂಬಿಗಿನೇ ಬರಲಿಲ್ಲ. "ಅವ ಯಾರಬೇ ಮಾತಾಡಾಕತ್ತಾನ?" ಅಂತ ಅತ್ತಿನ್ನ ಕೇಳಿದ.

ಕಡೀ ಮೆಟ್ಟಿಲು ಇಳದ್ರು. ಹುಡುಗಿ ಕಾಲು ನೆಲಕ್ಕ ಹತ್ತಿದ್ವು. ನನ್ನ ತಮ್ಮ ಅದೇ ಗುಂಗಿನ್ಯಾಗ ಇದ್ದ. ಆಕಿ ಮೊಣಕೈ ಮೆಲ್ಲಕ ಮಡಚಿ, "ಮುಗೀತು ನೋಡ್ರಿ, ಇಷ್ಟೇ. ನೋವಾಗಲಿಲ್ಲ ಹೌದಿಲ್ಲ? ಐದು ನಿಮಿಷ ಹಿಂಗೇ ಮಡಚಿ ಹಿಡಕೋರಿ" ಅಂದ.

ಆಕಿ ಖರೇನೇ ಮಡಚಿ ಹಿಡಕೊಂಡು ನಿಂತ್ಲು.

ಅವ ತಿರುಗಿ, ನಾವೆಲ್ಲಾ ನಿಂತಿದ್ದ ಕಡಿ ನೋಡಿ, ಲ್ಯಾಬಿನ್ಯಾಗ ದಿನಾ ಕೂಗೋಹಂಗ ಗಟ್ಟಿಯಾಗಿ ಕೂಗಿದ. "ಮುಂದಿನವರು ಬರ್ರಿ!"

ಹುಡುಗಿ ಮಡಚಿದ ಕೈ ಬಿಡದೇ ಅವನ ಮುಂದ ಬಂದು ನಿಂತ್ಲು.

"ಎಲ್ಲಿ ಮುಂದಿನವರ್ರೀ? ಬಾಗಲಾ ಹಾಕ್ರಿ. ನಾನೇ ಕಡೀದಾಕಿ."